ಹಲ್ಲು ನೋಡಿ ತಂದ ಗಾಡಿ

ನಮ್ಮ ದೊಡ್ಡಪ್ಪ ಜೀವನದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. ಆದರೆ ಹರಿಹರದ ಆಚೆಗಿನ ನಮ್ಮ ಹಳ್ಳಿಯಲ್ಲಿ ಯಾರೇ ಜಾತ್ರೆಗೆ ಎತ್ತು ತರೋಕೆ ಹೊರಟರೂ ಮೊದಲು ಇವರ ಮನೆ ಕಟ್ಟೆ ಮೇಲೆ ಬಂದು ಕೂರುತ್ತಾರೆ. ಹಲ್ಲು, ಸುಳಿ, ಗೊರಸು, ನಡಿಗೆ ಎಲ್ಲ ನೋಡಿ ಇವರು ಹೂಂ ಅಂದರೆ ಮಾತ್ರ ದುಡ್ಡು ಬಿಚ್ಚುತ್ತಾರೆ. ನಾನು ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೋಬೇಕು ಅಂತ ಫೋನಲ್ಲಿ ಬಾಯಿ ತಪ್ಪಿ ಹೇಳಿದೆ ನೋಡಿ, ಮಾರನೇ ದಿನ ಬೆಳಗಿನ ಬಸ್ಸಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಇಳಿದೇಬಿಟ್ಟರು. "ಒಬ್ಬನೇ ಹೋಗಬೇಡಲೇ ತಮ್ಮಾ, ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ಮೋಸ ಮಾಡಬೇಕು ಅನಿಸ್ತೈತಿ" ಅಂದರು. ಇದನ್ನು ನನ್ನ ಹೆಂಡತಿಯ ಎದುರಿಗೇ ಹೇಳಿದರು. ಅವಳು ಹೌದು ಅಂತ ತಲೆ ಆಡಿಸಿದಳು.

ಅಷ್ಟು ದೊಡ್ಡ ಗಾಡಿ ಯಾಕೆ ಅನ್ನೋದಕ್ಕೆ ನನ್ನ ಹತ್ತಿರ ಕಾರಣ ಇತ್ತು. ಊರಿಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಎರೆಮಣ್ಣಿನ ದಾರಿ, ಮಳೆ ಬಂದರೆ ನನ್ನ ಸಣ್ಣ ಕಾರು ಹೊಟ್ಟೆ ಉಜ್ಜುತ್ತದೆ.

"ವರ್ಷಕ್ಕೆ ಎಷ್ಟು ಸಲ ಊರಿಗೆ ಹೋಗ್ತೀರಿ?" ಅಂದಳು ಹೆಂಡತಿ.

ನಾಲ್ಕು ಸಲ. ಅದರಲ್ಲಿ ಮಳೆಗಾಲದ್ದು ಒಂದು.

ಸರಿ, ಅದಿರಲಿ. ಪೆಟ್ರೋಲ್ ಯಾಕೆ? ದೊಡ್ಡ ಗಾಡಿ ಅಂದರೆ ಡೀಸೆಲ್ಲೇ ಇರಬೇಕು ಅಂತ ನಮ್ಮ ಕಡೆ ಎಲ್ಲರ ತಲೆಯಲ್ಲೂ ಕೂತಿದೆ. ಅದಕ್ಕೇ ಹಳೆಯ ಪೆಟ್ರೋಲ್ ಎಸ್‌ಯುವಿಗಳನ್ನು ಕೇಳೋರು ಕಡಿಮೆ, ರೇಟೂ ಕಡಿಮೆ. ನಾನು ಮಂಡಕ್ಕಿ ಕಟ್ಟಿಸಿಕೊಂಡು ಬಂದ ಪೇಪರಿನ ಹಿಂದೆಯೇ ಲೆಕ್ಕ ಹಾಕಿ ತೋರಿಸಿದೆ. ನಾನು ಓಡಿಸೋದು ತಿಂಗಳಿಗೆ 400 ಕಿಲೋಮೀಟರ್. ಪೆಟ್ರೋಲ್ ಗಾಡಿ ಲೀಟರಿಗೆ 9 ಕೊಟ್ಟರೆ 45 ಲೀಟರ್ ಹತ್ತಿರ ಬೇಕು. ಡೀಸೆಲ್ 14 ಕೊಟ್ಟರೆ 29 ಸಾಕು. ಪೆಟ್ರೋಲ್ ನೂರು ದಾಟಿದೆ, ಡೀಸೆಲ್ ತೊಂಬತ್ತರ ಆಸುಪಾಸಿದೆ, ಎಲ್ಲ ಸೇರಿ ತಿಂಗಳಿಗೆ 2,000 ವ್ಯತ್ಯಾಸ. ಅದೇ ಥರದ ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಜಾಸ್ತಿ ಹೇಳ್ತಿದ್ದಾರೆ. ಅಂದರೆ ಆ ದುಡ್ಡು ಕರಗೋಕೆ ಆರು ವರ್ಷದ ಮೇಲೆ ಬೇಕು. ಸಾಲದ್ದಕ್ಕೆ ಬಿಎಸ್6 ಅನ್ನೋ ಹೊಸ ಹೊಗೆ ನಿಯಮಕ್ಕೆ ತಯಾರಾದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಆಗಾಗ ಹೈವೇಯಲ್ಲಿ ಓಡಿಸಿ ಆ ಮಸಿ ಸುಡದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ನನ್ನ ಆಫೀಸು ಇರೋದು ನಾಲ್ಕು ಕಿಲೋಮೀಟರ್ ದೂರದಲ್ಲಿ.

"ಆರು ವರ್ಷ ಆದಮೇಲೆ?"

"ಅಷ್ಟರಲ್ಲಿ ಮಾರಿಬಿಡ್ತೀನಿ."

"ಕೇಳೋರೇ ಇಲ್ಲ ಅಂತ ಈಗ ನೀವೇ ಹೇಳಿದ್ರಲ್ಲ."

ನಾನು ಮಂಡಕ್ಕಿ ತಿನ್ನೋದರಲ್ಲಿ ಮಗ್ನನಾದೆ.

ಮೊದಲ ಗಾಡಿ ನೋಡಿದ್ದು ಪಿ.ಬಿ. ರಸ್ತೆಯ ಬದಿಯ ಒಂದು ಶೆಡ್ಡಿನಲ್ಲಿ. 2016ರ ಮಾಡೆಲ್, 48 ಸಾವಿರ ಕಿಲೋಮೀಟರ್ ಓಡಿದ್ದು, ಡಾಕ್ಟರ್ ಗಾಡಿ ಅಂದ ದಲ್ಲಾಳಿ. (ಸೆಕೆಂಡ್ ಹ್ಯಾಂಡ್ ಗಾಡಿಗಳೆಲ್ಲ ಡಾಕ್ಟರದ್ದೇ ಯಾಕಿರುತ್ತವೋ, ರೈತರು, ಕಂಟ್ರಾಕ್ಟರುಗಳು ಗಾಡಿ ಮಾರೋದೇ ಇಲ್ವಾ?) ಟೈರುಗಳು ಕರ್ರಗೆ ಮಿಂಚುತ್ತಿದ್ದವು. "ಎಲ್ಲ ಹೊಸಾದು ಸಾರ್." ನಾನು ಕುಕ್ಕರುಗಾಲಲ್ಲಿ ಕೂತು ಟೈರಿನ ಮಗ್ಗುಲಲ್ಲಿ ಡಿಒಟಿ ಅಂತ ಶುರುವಾಗುವ ಸಾಲನ್ನು ಹುಡುಕಿದೆ. ಅದರ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ದೊಡ್ಡಪ್ಪನಿಗೆ ಇದನ್ನು ಹೇಳಿದ್ದೇ ತಡ, ಮುಖ ಅರಳಿತು.

"ಹಂಗಾರೆ ಇದು ಹಲ್ಲು ಅನ್ನು! ಅದನ್ನ ಮೊದಲೇ ಹೇಳಬಾರ್ದಾ?"

ಅಲ್ಲಿಂದ ಅವರನ್ನು ತಡೆಯೋರೇ ಇಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ನಾಲ್ಕೂ ಟೈರಿನ ಹತ್ತಿರ ಕೂತು, ಪಾಲಿಶ್ ಮೇಲೆ ಬೆರಳಲ್ಲಿ ಉಜ್ಜಿ ಉಜ್ಜಿ ಅಂಕಿ ಓದಿದರು. ಮೂರಕ್ಕೆ 2219 ಇತ್ತು. ಹಿಂದಿನ ಎಡಗಡೆಯದಕ್ಕೆ 4113. 2016ರ ಗಾಡಿಗೆ 2013ರ ಟೈರು!

"ಏನಪ್ಪಾ ಇದು, ತಾಯಿಗಿಂತ ಕರು ಮೂರು ವರ್ಷ ದೊಡ್ಡದೈತಲ್ಲ" ಅಂತ ದಲ್ಲಾಳಿಯನ್ನು ಕೇಳಿದರು. ಅವನು ಟೀ ತರಿಸ್ತೀನಿ ಅಂತ ಒಳಗೆ ಹೋದ.

ಅವನು ಬರೋ ಹೊತ್ತಿಗೆ ದೊಡ್ಡಪ್ಪ ಡ್ರೈವರ್ ಬಾಗಿಲು ತೆಗೆದು ಬಗ್ಗಿದ್ದರು. ಬ್ರೇಕ್ ಪೆಡಲ್ಲಿನ ರಬ್ಬರು ಒಂದು ಮೂಲೆಯಲ್ಲಿ ಸವೆದು ಕಬ್ಬಿಣ ಕಾಣ್ತಿತ್ತು. ಸೀಟಿನ ಅಂಚು, ಇಳಿಯುವಾಗ ಒರೆಸಿಕೊಳ್ಳುವ ಜಾಗ, ನುಣ್ಣಗಾಗಿತ್ತು. "ನೊಗ ಹೊತ್ತ ಹೆಗಲು ಸುಳ್ಳು ಹೇಳಲ್ಲ ತಮ್ಮಾ. ಇದು ಭಾಳ ದುಡಿದೈತಿ." ನಾನು ಸುಮ್ನೆ ಒಂದು ಮಾತಿರಲಿ ಅಂತ ಪರಿಚಯದವರಿಂದ ಸರ್ವೀಸ್ ದಾಖಲೆ ತೆಗೆಸಿದೆ. ಎರಡು ವರ್ಷದ ಹಿಂದೆಯೇ ಅದು 71 ಸಾವಿರ ಓಡಿತ್ತು. ವಯಸ್ಸಾದಂತೆ ಕಿಲೋಮೀಟರ್ ಕಡಿಮೆ ಆಗುವ ಭಾಗ್ಯ ನಮಗಾದರೂ ಇದ್ದಿದ್ದರೆ.

ಎರಡನೆಯದು ಸಿಕ್ಕಿದ್ದು ಚಿತ್ರದುರ್ಗದಲ್ಲಿ, ರಿಟೈರ್ ಆದ ಒಬ್ಬ ಮೇಷ್ಟ್ರ ಮನೆಯಲ್ಲಿ. ಅರವತ್ತು ಕಿಲೋಮೀಟರ್ ದಾರಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣೋಕೆ ಶುರುವಾದಾಗ ಫೋನ್ ಮಾಡಿ "ಸಾರ್, ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ" ಅಂತ ಮತ್ತೊಮ್ಮೆ ನೆನಪಿಸಿದೆ. ಇಂಜಿನ್ ತಣ್ಣಗಿದ್ದಾಗಲೇ ಅದರ ನಿಜವಾದ ಕೆಮ್ಮು ಗೊತ್ತಾಗೋದು, ಬಿಸಿಯಾದ ಮೇಲೆ ಎಲ್ಲ ಗಾಡಿಯೂ ಒಳ್ಳೆಯದೇ. ದೊಡ್ಡಪ್ಪ ಹೋದವರೇ ಬಾನೆಟ್ ಮೇಲೆ ಅಂಗೈ ಇಟ್ಟರು, ಜ್ವರ ನೋಡೋ ಥರ. ತಣ್ಣಗಿತ್ತು. ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆವು. ಒಳಗೆ ಮಜ್ಜಿಗೆ ಥರ ಬೆಳ್ಳಗೆ ಅಂಟಿದ್ದರೆ ಇಂಜಿನ್ ತಣ್ಣಗಿಡೋ ಕೂಲೆಂಟು ಆಯಿಲ್ಲಿಗೆ ಸೇರ್ತಿದೆ ಅಂತ ಅನುಮಾನ ಪಡಬೇಕು. ಇರಲಿಲ್ಲ. ಸ್ಟಾರ್ಟ್ ಮಾಡಿದರೆ ನೀಲಿ ಹೊಗೆಯೂ ಇಲ್ಲ. ಹಲ್ಲೂ ಸರಿಯಾಗಿತ್ತು, ನಾಲ್ಕೂ ಒಂದೇ ವಯಸ್ಸು.

ಆಮೇಲೆ ದೊಡ್ಡಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬಾನೆಟ್ ಮೇಲೆ ಏನನ್ನೋ ನೋಡುತ್ತಾ ನಿಂತರು. ಯಾವಾಗಲೋ ಕಳಪೆ ಪಾಲಿಶ್ ಮಾಡಿಸಿದ್ದಕ್ಕೆ ಬಣ್ಣದಲ್ಲಿ ಬಳೆಬಳೆಯಾಗಿ ಗೀರು ಎದ್ದಿತ್ತು. "ಸುಳಿ ಐತಿ. ನಡುಮಧ್ಯ ಐತಿ. ಇಂಥ ಸುಳಿ ಇದ್ದದ್ದು ಮನೆಗೆ ಬಂದ್ರೆ ಕೊಟ್ಟಿಗೆ ತುಂಬ್ತೈತಿ." ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಮೇಷ್ಟ್ರು ಹೇಳಿದ್ದು 4 ಲಕ್ಷದ 60 ಸಾವಿರ. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಅವರ ಬಲಗೈ ಹಿಡಿದು, ಅದರ ಮೇಲೆ ಟವೆಲ್ ಹೊದೆಸಿ, ಒಳಗೆ ನಾಲ್ಕು ಬೆರಳು ಒತ್ತಿದರು. ದನದ ಜಾತ್ರೆ ನೋಡಿದವರಿಗೆ ಗೊತ್ತು, ಅಲ್ಲಿ ರೇಟು ಬಾಯಲ್ಲಿ ಆಡೋದಿಲ್ಲ, ಟವೆಲ್ ಒಳಗೆ ಬೆರಳು ಮಾತಾಡುತ್ತವೆ. ಪಾಪ ಮೇಷ್ಟ್ರಿಗೆ ಏನು ಗೊತ್ತು? ವಯಸ್ಸಾದವರು ಪ್ರೀತಿಯಿಂದ ಕೈ ಹಿಡಿದಿದ್ದಾರೆ ಅಂದುಕೊಂಡು, ಇನ್ನೊಂದು ಕೈಯನ್ನೂ ಮೇಲಿಟ್ಟು, "ಆಯ್ತು ಯಜಮಾನ್ರೇ, ನಂಗೂ ಬಹಳ ಸಂತೋಷ" ಅಂದರು.

"ಮುಗೀತು. ನಾಲ್ಕಕ್ಕೆ ಒಪ್ಪಿದ್ರು" ಅಂತ ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಅದನ್ನು ಬಿಡಿಸಿ ಹೇಳೋಕೆ ಅರ್ಧ ಗಂಟೆ, ಎರಡು ಸುತ್ತು ಕಾಫಿ ಹಿಡಿಯಿತು. ಕೊನೆಗೆ ನಾಲ್ಕೂಕಾಲಕ್ಕೆ ಕುದುರಿತು. ಗಾಡಿಯನ್ನು ನನ್ನ ಹೆಸರಿಗೆ ವರ್ಗಾಯಿಸುವ ಫಾರಂ 29, ಫಾರಂ 30 ಸಹಿ ಆಯಿತು. ಇನ್ಷೂರೆನ್ಸನ್ನು 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಬೇಕು ಅನ್ನೋದು ನನಗೆ ಗೊತ್ತಿತ್ತು. ಮೇಷ್ಟ್ರು ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ಬೋನಸ್ಸು ಗಾಡಿ ಜೊತೆ ಬರೋದಿಲ್ಲ, ಅವರ ಜೊತೆಗೇ ಹೋಗುತ್ತೆ ಅನ್ನೋದು ಪ್ರೀಮಿಯಂ ಕಟ್ಟುವಾಗ ಗೊತ್ತಾಯಿತು.

ಗಾಡಿ ಮನೆಗೆ ಬಂತು. ನಮ್ಮ ಗಲ್ಲಿಗೆ ತಿರುಗಿಸೋಕೆ ಮೂರು ಸಲ ಹಿಂದೆ ಮುಂದೆ ಮಾಡಬೇಕು, ಅಷ್ಟರಲ್ಲಿ ತರಕಾರಿ ಗಾಡಿಯವನಿಂದ ಹಿಡಿದು ಎದುರುಮನೆ ಅಜ್ಜಿಯವರೆಗೆ ಎಲ್ಲರೂ "ಬರ್ಲಿ ಬರ್ಲಿ ಬರ್ಲಿ... ಆಆಆ ಸಾಕು" ಅಂತ ಡೈರೆಕ್ಷನ್ ಕೊಡೋರೇ. ಮೆಕ್ಯಾನಿಕ್ ಭಾಯ್ ಒಂದು ಸಲ ಎಲ್ಲ ನೋಡಿ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಆಯಿಲ್ ಬದಲಾಯಿಸಿದರು. "ಟ್ಯಾಂಕ್ ಯಾವಾಗ್ಲೂ ರಿಸರ್ವ್‌ನಲ್ಲಿ ಓಡಿಸಬೇಡಿ ಸಾರ್, ಇಂಜಿನ್ನಿಗೆ ಪೆಟ್ರೋಲ್ ಕಳಿಸೋ ಪಂಪ್ ಟ್ಯಾಂಕ್ ಒಳಗೇ ಇರೋದು, ಪೆಟ್ರೋಲೇ ಅದನ್ನ ತಣ್ಣಗಿಡೋದು" ಅಂದರು. ಬಂಕಿನಲ್ಲಿ ಈಗ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು, ಹಳೆ ಗಾಡಿಗೆ ಮೈಲೇಜು ಸ್ವಲ್ಪ ಇಳಿಯುತ್ತೆ ಅಂತಲೂ ಅಂದರು. ಎಥನಾಲನ್ನು ಮೆಕ್ಕೆಜೋಳದಿಂದಲೂ ಮಾಡ್ತಾರೆ ಅಂತ ಫೋನಲ್ಲಿ ಹೇಳಿದಾಗ ದೊಡ್ಡಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಅವರು ಬೆಳೆಯೋದೇ ಮೆಕ್ಕೆಜೋಳ. "ಅಂದ್ರೆ ನಮ್ಮ ಹೊಲದ ಮೇವು ತಿಂತೈತಿ ಅನ್ನು. ಮೇವು ಒಗ್ಗಿದ್ರೆ ಚಿಂತಿಲ್ಲ ಬಿಡು."

ನಿಜವಾದ ಕಷ್ಟ ಬಂದದ್ದು ಬೇರೆ ಮೇವಿನಿಂದ.

ಏಪ್ರಿಲ್ ತಿಂಗಳು. ಅತ್ತೆ ಮಾವ ಬಂದಿದ್ದರು, ಸೂಳೆಕೆರೆ ತೋರಿಸ್ತೀನಿ ಅಂತ ಹೊರಡಿಸಿಕೊಂಡು ಹೋದೆ. ದಾರಿಯಲ್ಲಿ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಒಂದು ರಸ್ತೆ ತುಂಬ ಹರಡಿಕೊಂಡು, ನಡೆದು ಹೋಗುವವರಿಗೂ ಬೇಜಾರಾಗುವ ಸ್ಪೀಡಿನಲ್ಲಿ ಹೋಗುತ್ತಿತ್ತು. ಅದರ ಹಿಂದೆ ನಾನು. ನೋಡ್ತಾ ನೋಡ್ತಾ ಟೆಂಪರೇಚರ್ ಮುಳ್ಳು ಮೇಲೆ ಏರತೊಡಗಿತು. ನನಗೂ ಬೆವರು. ಭಾಯ್‌ಗೆ ಫೋನ್ ಮಾಡಿದೆ.

"ಎಸಿ ಆಫ್ ಮಾಡಿ ಸಾರ್. ಹೀಟರ್ ಫುಲ್ ಹಾಕಿ."

"ಏನು?"

"ಹೀಟರ್. ಇಂಜಿನ್ ಬಿಸಿ ಒಳಗೆ ಬರುತ್ತೆ. ಅದೂ ಒಂದು ಸಣ್ಣ ರೇಡಿಯೇಟರ್ ಇದ್ದಂಗೇ. ಗ್ಲಾಸ್ ಇಳಿಸಿ, ನೆರಳು ಸಿಕ್ಕಿದ ಕಡೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಮುಖ ಸುಟ್ಟುಹೋಗುತ್ತೆ."

ಏಪ್ರಿಲ್ ಮಧ್ಯಾಹ್ನ, ಎರಡು ಗಂಟೆ, ರೇಷ್ಮೆ ಸೀರೆ ಉಟ್ಟ ಅತ್ತೆ ಮುಂದಿನ ಸೀಟಿನಲ್ಲಿ, ಕಾಲ ಹತ್ತಿರ ಭಟ್ಟಿಯ ಬಾಯಿ ತೆರೆದಂತೆ ಗಾಳಿ. ಅಳಿಯ ಅಂತ ಅವರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ದೊಡ್ಡ ಗಾಡಿ ಅಂದ್ರೆ ಹಿಂಗೆಲ್ಲ ಇರ್ತದೇನೋ" ಅಂದರು, ಅಷ್ಟೇ. ಮುಳ್ಳು ನಿಧಾನಕ್ಕೆ ಇಳಿಯಿತು. ಮಾವನವರು ಹುಣಸೆಮರದ ಕೆಳಗೆ ಇಳಿದವರು ಮತ್ತೆ ಹತ್ತೋಕೆ ಬಹಳ ಹೊತ್ತು ಯೋಚಿಸಿದರು. ಅಲ್ಲಿಂದ ಟ್ರ್ಯಾಕ್ಟರ್ ಕಾಟ ಇರಲಿಲ್ಲ, ಗಾಡಿ ಓಡ್ತಾ ಇರುವಾಗ ಎದುರುಗಾಳಿಯೇ ಇಂಜಿನ್ ತಣ್ಣಗಿಡುತ್ತದೆ. ಹಾಗೂ ಹೀಗೂ ಊರು ಸೇರಿದೆವು. ಕೆರೆ ಈಗಲೂ ಅವರು ನೋಡಿಲ್ಲ.

ಮಾರನೇ ದಿನ ಭಾಯ್ ಬಾನೆಟ್ ಎತ್ತಿದವರು ನನ್ನನ್ನು ಹತ್ತಿರ ಕರೆದರು. ನಿಧಾನಕ್ಕೆ ಹೋಗುವಾಗ ತಿರುಗಬೇಕಾದ ರೇಡಿಯೇಟರ್ ಫ್ಯಾನಿನ ವೈರು ಕತ್ತರಿ ಹಾಕಿದ ಹಾಗೆ ತುಂಡಾಗಿತ್ತು. ಅದರ ಪಕ್ಕ, ಬ್ಯಾಟರಿಯ ಮಗ್ಗುಲಲ್ಲಿ, ಒಂದು ಹಿಡಿ ಮಂಡಕ್ಕಿ. ಗುಡ್ಡೆ ಹಾಕಿ ಜೋಡಿಸಿಟ್ಟಿತ್ತು. ಮೇಲೆ ಒಂದು ಮೆಣಸಿನಕಾಯಿ ತೊಟ್ಟು. ನನ್ನ ಮಗಳು ಹಿಂದಿನ ಸೀಟಿನಲ್ಲಿ ಚೆಲ್ಲಿಕೊಂಡು ತಿನ್ನುತ್ತಿದ್ದ ಖಾರ ಮಂಡಕ್ಕಿಯನ್ನು ಇಲಿಗಳು ಒಂದೊಂದೇ ಹೊತ್ತು ಅಲ್ಲಿಗೆ ಸಾಗಿಸಿ ಪಾರ್ಟಿ ಮಾಡಿದ್ದವು. ಊಟ ಆದಮೇಲೆ ಹಲ್ಲು ಕಡಿಯಿತೇನೋ, ವೈರು ಕಚ್ಚಿದ್ದವು.

"ದಾವಣಗೆರೆ ಇಲಿ ಸಾರ್, ಮಂಡಕ್ಕಿ ಇಲ್ದೆ ಆಗಲ್ಲ" ಅಂದರು ಭಾಯ್. ಬಿಲ್ಲು ಮಾತ್ರ ನನ್ನ ಹೆಸರಿಗೇ ಬರೆದರು.

ಆಮೇಲೆ ಸಲಹೆಗಳ ಮಳೆ. ನುಸಿಗುಳಿಗೆ ಇಟ್ಟೆ, ಗಾಡಿಯೊಳಗೆ ಕೂತರೆ ಹಳೇ ಟ್ರಂಕಿನೊಳಗೆ ಕೂತ ಹಾಗಾಯಿತು. ಹೊಗೆಸೊಪ್ಪು ಕಟ್ಟಿದೆ, ಎರಡೇ ದಿನಕ್ಕೆ ಮಾಯ, ತೆಗೆದದ್ದು ಇಲಿಯೋ ಎದುರುಮನೆ ಅಜ್ಜಿಯೋ ಗೊತ್ತಿಲ್ಲ. ಕೊನೆಗೆ ಹೆಂಡತಿಯೇ ದಾರಿ ಕಂಡುಹಿಡಿದಳು. ಗಲ್ಲಿಯ ಒಂದು ಬೂದುಬಣ್ಣದ ಬೆಕ್ಕಿಗೆ ಹಾಲು ಹಾಕೋಕೆ ಶುರು ಮಾಡಿದಳು. ಹದಿನೈದು ದಿನಕ್ಕೆ ಇಲಿ ಬಂದ್. ಆದರೆ ಬೆಕ್ಕಿಗೆ ಇಂಜಿನ್ನಿನ ಬಿಸಿ ಹಿಡಿಸಿಬಿಟ್ಟಿತು. ಸಂಜೆ ನಾನು ಬಂದು ನಿಲ್ಲಿಸಿದರೆ ಸಾಕು, ಕೆಳಗಿಂದ ನುಗ್ಗಿ ಒಳಗೆ ಮಲಗೋದು. ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಬೇಕು, ಎತ್ತಿನ ಬೆನ್ನು ತಟ್ಟಿದ ಹಾಗೆ. ಅದು ಇಳಿದು, ಮೈ ಮುರಿದು, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಹೋಗುತ್ತದೆ. ಆಮೇಲೆ ಕೀ.

ಹೋದ ತಿಂಗಳು ಮೂರು ದಿನ ಬೆಂಗಳೂರಿಗೆ ರೈಲಲ್ಲಿ ಹೋಗಿದ್ದೆ. ಬಂದ ಮಾರನೇ ದಿನ ಬೆಳಿಗ್ಗೆ ಅಭ್ಯಾಸದಂತೆ ತಟ್ಟಿದೆ. ಯಾರೂ ಇಳಿಯಲಿಲ್ಲ. ಮತ್ತೆ ತಟ್ಟಿದೆ. ಒಳಗಿಂದ ಕೀಂ ಅಂತ ಸಣ್ಣ ದನಿ. ಬಾನೆಟ್ ಎತ್ತಿದರೆ, ಮೊದಲು ಮಂಡಕ್ಕಿ ಇದ್ದ ಅದೇ ಜಾಗದಲ್ಲಿ, ಬ್ಯಾಟರಿಗೆ ಒತ್ತಿಕೊಂಡು, ಕಣ್ಣು ಬಿಡದ ಮೂರು ಮರಿ. "ಕಣ್ಣು ಬಿಡೋವರೆಗೂ ಗಾಡಿ ಮುಟ್ಟಬೇಡಿ" ಅಂತ ಮನೆಯಲ್ಲಿ ಹುಕುಂ ಆಯಿತು. ಎರಡು ವಾರ ಮಗಳ ಸೈಕಲ್ಲು, ಪಕ್ಕದ ಮನೆಯವರ ಸ್ಕೂಟರು, ಆಟೋ.

ಅದೇ ಸಮಯಕ್ಕೆ ದೊಡ್ಡಪ್ಪನ ಫೋನು. ವಾರಕ್ಕೊಮ್ಮೆ ಗಾಡಿಯ ಆರೋಗ್ಯ ವಿಚಾರಿಸೋದು ಅವರ ರೂಢಿ.

"ಹೆಂಗೈತಲೇ ಗಾಡಿ?"

"ಈದಿದೆ ದೊಡ್ಡಪ್ಪ."

ಆ ಕಡೆ ಒಂದು ಗಳಿಗೆ ಮೌನ.

"ಎಷ್ಟು?"

"ಮೂರು."

"ನಾನವತ್ತೇ ಹೇಳಲಿಲ್ಲೇನು, ಸುಳಿ ಛಲೋ ಐತಿ ಅಂತ" ಅಂದರು.