ಫ್ರಿಜ್ಜಿಗೂ ಒಂದು ಬೀಗ

ನನ್ನ ನಾದಿನಿಗೆ ಒಂದು ಅಭ್ಯಾಸವಿದೆ. ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಕಾಲು ತೊಳೆದು, ನೇರವಾಗಿ ಹೋಗಿ ಫ್ರಿಜ್ ಬಾಗಿಲು ತೆಗೆಯುತ್ತಾಳೆ. ಏನನ್ನೂ ತೆಗೆದುಕೊಳ್ಳುವುದಿಲ್ಲ. ಸುಮ್ನೆ ನೋಡುತ್ತಾಳೆ. ಆಮೇಲೆ ಬಾಗಿಲು ಹಾಕಿ ನನ್ನ ಮುಖ ನೋಡುತ್ತಾಳೆ. ಅವಳ ಅಣ್ಣನ ಮುಖ ನೋಡುವುದಿಲ್ಲ. ಅರ್ಧ ಹಿಂಡಿದ ನಿಂಬೆಹಣ್ಣುಗಳನ್ನು ಒಳಗೆ ಸಾಲಾಗಿ ಇಟ್ಟವರು ಆ ಅಣ್ಣ. ಮುಗಿದ ಸಾಸ್ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಮರೆತವರೂ ಅವರೇ. ಆದರೆ ಫ್ರಿಜ್ ಕೊಳಕಾಗಿದ್ದರೆ ಅದು ಹೆಂಗಸಿನ ತಪ್ಪು. ಗಂಡಸಿನ ಕಾರು ಕೊಳಕಾಗಿದ್ದರೆ ಮಾತ್ರ ಮಳೆಯ ತಪ್ಪು.

ಈ ಸಲ ಹಾಸನಾಂಬೆಯ ದರ್ಶನಕ್ಕೆ ಬರುತ್ತೇವೆ, ಎರಡು ದಿನ ಇರುತ್ತೇವೆ ಎಂದು ಫೋನ್ ಮಾಡಿದಳು. ಹಾಸನದಲ್ಲಿ ಮನೆ ಇರುವವರಿಗೆ ಇದು ಹೊಸದಲ್ಲ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಗುಡಿ ಅದು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಿಯ ಗುಡಿ ಬಾಗಿಲು ತೆರೆದರೆ ನಮ್ಮೆಲ್ಲರ ಮನೆ ಬಾಗಿಲೂ ತೆರೆಯಬೇಕು. ವರ್ಷವೆಲ್ಲ ನೆನಪಾಗದವರಿಗೆ ನಾವು ನೆನಪಾಗುತ್ತೇವೆ. ಬಲಿಪಾಡ್ಯಮಿ ಕಳೆಯುವ ತನಕ ನಡುಮನೆಯಲ್ಲಿ ಹಾಸಿದ ಹಾಸಿಗೆ ಮಡಿಸುವಂತಿಲ್ಲ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಜಾಸ್ತಿ ಇಲ್ಲ.

ಫೋನ್ ಇಟ್ಟು, ನಾದಿನಿ ನೋಡುವ ಹಾಗೆ ಫ್ರಿಜ್ ತೆಗೆದು ನೋಡಿದೆ. ತರಕಾರಿ ಡಬ್ಬದಲ್ಲಿ ಕೊತ್ತಂಬರಿ ಸೊಪ್ಪು ನೀರಾಗಿತ್ತು. ಡಬ್ಬದ ಕೆಳಗೆ ಬೇರೆ ನೀರು ನಿಂತಿತ್ತು. ಬಾಗಿಲಿನ ರಬ್ಬರಿನ ಮಡಿಕೆಗಳಲ್ಲಿ ಕಪ್ಪು ಬೂಷ್ಟು. ಫ್ರೀಜರ್ ತುಂಬಾ ಮಂಜು ಬೆಳೆದು ಅದರ ಪುಟ್ಟ ಬಾಗಿಲು ಮುಚ್ಚುವುದನ್ನು ಯಾವತ್ತೋ ಬಿಟ್ಟಿತ್ತು. ಆ ಮಂಜಿನೊಳಗೆ ಒಂದು ಹಸಿರು ಪೊಟ್ಟಣ ಕಾಣುತ್ತಿತ್ತು. ಬಟಾಣಿ ಇರಬೇಕು. ಮೂರು ಪಾತ್ರೆಗಳಲ್ಲಿ ದೋಸೆ ಹಿಟ್ಟಿತ್ತು. ಅದರಲ್ಲಿ ಒಂದು ದೋಸೆ ಹಿಟ್ಟಲ್ಲ.

ಹಾಸನಾಂಬೆಯ ಗುಡಿಯಲ್ಲಿ ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರುವುದಿಲ್ಲ, ಮುಡಿಸಿದ ಹೂವು ಬಾಡುವುದಿಲ್ಲ, ಇಟ್ಟ ನೈವೇದ್ಯ ಹಳಸುವುದಿಲ್ಲ ಎಂಬುದು ಭಕ್ತರ ನಂಬಿಕೆ. ಅದು ದೇವಿಗೆ ಸೇರಿದ ವಿಷಯ. ನಮ್ಮ ಮನೆಯವರು ಅದೇ ನಂಬಿಕೆಯನ್ನು ಫ್ರಿಜ್ಜಿನ ಮೇಲೂ ಇಟ್ಟಿದ್ದಾರೆ. ಒಳಗಿಟ್ಟರೆ ಮುಗಿಯಿತು, ಇನ್ನು ಕೆಡುವುದಿಲ್ಲ. 4 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅವುಗಳ ಕೆಲಸ ನಿಧಾನವಾಗುತ್ತದೆ ಅಷ್ಟೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ನಮ್ಮಲ್ಲಿ ಅನ್ನ ಉಳಿದರೆ ಅದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟು, ನಾಲ್ಕು ದಿನ ಬಿಟ್ಟು ಎಸೆಯಲು ಬರುತ್ತದೆ.

“ಮಾರಿಬಿಡೋಣ, ಹೊಸದು ತರೋಣ” ಎಂದರು ನಮ್ಮೆಜಮಾನರು. ಯಾವತ್ತೂ ಇಲ್ಲದ ಪರಿಸರದ ಚಿಂತೆ ಬೇರೆ ಅವರಿಗೆ ಇದ್ದಕ್ಕಿದ್ದಂತೆ ಶುರುವಾಯಿತು. ಹಳೇ ಫ್ರಿಜ್ಜಿನ ಗ್ಯಾಸ್ ಓಝೋನ್ ಪದರ ಹಾಳು ಮಾಡುತ್ತದಂತೆ. ಓಝೋನ್ ಹಾಳು ಮಾಡುತ್ತಿದ್ದದ್ದು ಆರ್-12 ಎಂಬ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದ ಆದ ಮೇಲೆ ಒಂದೊಂದೇ ದೇಶ ಅದನ್ನು ಕೈಬಿಟ್ಟಿತು. ನಮ್ಮದರ ಹಿಂದೆ ಅಂಟಿಸಿದ ಚೀಟಿಯಲ್ಲಿ ಆರ್-134ಎ ಎಂದಿದೆ. ಟಾರ್ಚ್ ಹಿಡಿದು ಓದಿ ತೋರಿಸಿದೆ. ಇದು ಓಝೋನಿಗೆ ಏನೂ ಮಾಡುವುದಿಲ್ಲ. ಭೂಮಿಯನ್ನು ಬಿಸಿ ಮಾಡುತ್ತದೆ ನಿಜ, ಆದರೆ ಸೋರಿ ಹೊರಗೆ ಬಂದರೆ. ಸೋರುವಂತೆ ಮಾಡುವವರು ಯಾರು? ಫ್ರೀಜರಿನ ಮಂಜನ್ನು ಸ್ಕ್ರೂಡ್ರೈವರಿನಿಂದ ಕೆತ್ತುವವರು. ಆ ತೆಳು ತಗಡಿನ ಗೋಡೆಯೊಳಗೇ ಗ್ಯಾಸ್ ಓಡಾಡುವ ದಾರಿ ಇರುತ್ತದೆ. ಒಂದು ಏಟು ತಪ್ಪಿದರೆ ತೊಳೆಯುವುದೋ ಮಾರುವುದೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಇಷ್ಟು ಹೇಳುವಾಗ ಅವರ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವರ ಉದ್ದೇಶವೂ ಅದೇ ಇದ್ದಿರಬಹುದು.

ಹಳೇ ಫ್ರಿಜ್ಜನ್ನು ಏನು ಮಾಡಬೇಕು ಎಂದಾಗ ನನಗೆ ನೆನಪಾಗುವುದು ದೊಡ್ಡಪ್ಪ. ಸಕಲೇಶಪುರದಿಂದ ಆಚೆ, ಹೆತ್ತೂರು ಕಡೆ ಅವರದೊಂದು ಸಣ್ಣ ಕಾಫಿ ತೋಟ. ಅಲ್ಲಿನ ಕರೆಂಟು ಬಂದರೆ ಏರುತ್ತದೆ, ಇಳಿದರೆ ಹೋಗುತ್ತದೆ. ಹಾಗೆ ಏರಿದ ಒಂದು ದಿನ ಅವರ ಫ್ರಿಜ್ಜಿನ ಕಂಪ್ರೆಸರ್ ಸುಟ್ಟುಹೋಯಿತು. ಗುಜರಿಯವನು ಕೇಳಿದ ರೇಟಿಗೆ ದೊಡ್ಡಮ್ಮ ಕೊಡಲಿಲ್ಲ. ಅದು ಅವರ ತವರಿನಿಂದ ಬಂದ ಫ್ರಿಜ್. ಹಾಗಾಗಿ ಅಲ್ಲೇ ನಿಂತಿತು.

ಆ ಕಡೆ ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವ ತನಕ ಯಾವುದೂ ಒಣಗುವುದಿಲ್ಲ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೂ ಬೂಷ್ಟು. ಬೆಂಕಿಪೊಟ್ಟಣ ಗೀರಿದರೆ ಮದ್ದು ಉದುರುತ್ತದೆ. ದೊಡ್ಡಪ್ಪ ಒಂದು ಮಳೆಗಾಲ ಕೂತು ಯೋಚನೆ ಮಾಡಿದರು. ಚಳಿ ಒಳಗಿಂದ ಹೊರಗೆ ಹೋಗದ ಹಾಗೆ ಮಾಡಿದ ಪೆಟ್ಟಿಗೆ ತೇವವನ್ನು ಹೊರಗಿಂದ ಒಳಗೆ ಬಿಡುವುದೂ ಇಲ್ಲ, ಅಲ್ವಾ? ಫ್ರಿಜ್ಜಿನ ಹಿಂದೆ ಮಂಜು ಕರಗಿದ ನೀರು ಹೋಗಲು ಒಂದು ತೂತು ಇರುತ್ತದೆ. ಅದರಲ್ಲಿ ವೈರ್ ತೂರಿಸಿ, ಒಳಗೆ ಹೋಲ್ಡರ್ ಕೂರಿಸಿ, ಒಂದು ಸಣ್ಣ ಬಲ್ಬ್ ಹಾಕಿದರು. ಹಗಲೂ ರಾತ್ರಿ ಉರಿಯಲು ಬಿಟ್ಟರು. ತಣ್ಣಗೆ ಮಾಡಲೆಂದು ತಂದ ಪೆಟ್ಟಿಗೆ ಬೆಚ್ಚಗಾಯಿತು.

ಮೊದಲು ಅದರೊಳಗೆ ಹೋದದ್ದು ಹಪ್ಪಳ. ಆಮೇಲೆ ಉಪ್ಪು, ಬೆಂಕಿಪೊಟ್ಟಣ, ಏಲಕ್ಕಿ. ಆಮೇಲೆ ಪಹಣಿ, ಕ್ರಯಪತ್ರ, ಕಂದಾಯದ ರಸೀದಿ, ಕಾಫಿ ಮಾರಿದ ಲೆಕ್ಕ. ಫ್ರೀಜರಿನಲ್ಲಿ ದೊಡ್ಡಮ್ಮನ ರೇಷ್ಮೆ ಸೀರೆಗಳು. ಮೊಟ್ಟೆ ಇಡುವ ಗುಳಿಗಳಲ್ಲಿ ಕೋವಿಯ ತೋಟಾಗಳು. ಮೊಮ್ಮಕ್ಕಳು ಕೈ ಹಾಕಬಾರದಲ್ಲ, ಬೀಗ. ನಮ್ಮ ದೇಶದ ಫ್ರಿಜ್ಜುಗಳಿಗೆ ಬೀಗ ಯಾಕೆ ಇರುತ್ತದೆ ಎಂದು ಯೋಚಿಸಿದ್ದೀರಾ? ಹಾಲು ಕದಿಯುವವರು ಯಾರು? ಅಮೆರಿಕದಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾ ಹಳೇ ಫ್ರಿಜ್ಜಿನೊಳಗೆ ಸಿಕ್ಕಿಕೊಂಡು ಮಕ್ಕಳು ಸತ್ತದ್ದಕ್ಕೆ 1956ರಲ್ಲಿ ಕಾನೂನೇ ಆಯಿತು. ಬಾಗಿಲು ಒಳಗಿನಿಂದ ತಳ್ಳಿದರೂ ತೆರೆಯಬೇಕು ಎಂದು. ಹಳೇ ಚಿಲಕದ ಬದಲು ಈಗಿನ ಆಯಸ್ಕಾಂತದ ರಬ್ಬರ್ ಎಲ್ಲ ಕಡೆ ಬಂದದ್ದರಲ್ಲಿ ಆ ಕಾನೂನಿನ ಪಾಲೂ ಇದೆ. ಅಲ್ಲಿ ಒಳಗಿನಿಂದ ತೆರೆಯುವುದಕ್ಕೆ ಕಾನೂನು, ಇಲ್ಲಿ ಹೊರಗಿನಿಂದ ಹಾಕುವುದಕ್ಕೆ ಬೀಗ. ದೊಡ್ಡಮ್ಮನ ಮಟ್ಟಿಗೆ ಆ ಬೀಗ ಸರಿಯಾಗಿಯೇ ಇತ್ತು. ಕೀಲಿ ಸೊಂಟದಲ್ಲಿ.

ಒಂದು ಪುಷ್ಯ ಮಳೆಯ ದಿನ ಸರ್ವೆಯವರು ಬಂದರು. ತೊಪ್ಪೆಯಾಗಿ ನೆನೆದಿದ್ದರು. ಪಕ್ಕದ ತೋಟದವರ ಜೊತೆ ಬೇಲಿಯ ತಕರಾರು, ಕಾಗದ ನೋಡಬೇಕಿತ್ತು.

“ಫ್ರಿಜ್ಜಲ್ಲಿ ಇಟ್ಟಿದೀನಿ, ತೆಗೀತೀನಿ ತಡೀರಿ” ಎಂದರು ದೊಡ್ಡಪ್ಪ.

“ಅಯ್ಯೋ ಬೇಡಿ ಸಾರ್, ಮೊದ್ಲೇ ನಡುಗ್ತಾ ಇದೀನಿ. ಬಿಸಿ ಏನಾದ್ರೂ ಇದ್ರೆ ಕೊಡಿ.”

“ಬೆಚ್ಚಗೇ ಇದೆ ಬನ್ರಿ.”

ಸರ್ವೆಯವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸೋಣವೆಂದರೆ ಬೀಗ. ದೊಡ್ಡಮ್ಮ ಧರ್ಮಸ್ಥಳಕ್ಕೆ ಹೋಗಿದ್ದರು, ಅವರ ಸೊಂಟದ ಜೊತೆ ಕೀಲಿಯೂ ಹೋಗಿತ್ತು. ಟ್ರಂಕಿನ ಕೀಲಿ ಹಾಕಿ ನೋಡಿದರು. ಜೀಪಿನ ಕೀಲಿ, ಗೋಡೌನಿನ ಕೀಲಿ, ಸರ್ವೆಯವರ ಬೈಕಿನ ಕೀಲಿಯೂ ಆಯಿತು. ಕೊನೆಗೆ ತೋಟದ ರೈಟರ್ ಬಂದು, ಬೀಗದ ಕಡೆ ನೋಡಲೂ ಇಲ್ಲ. ಸ್ಪ್ಯಾನರ್ ತಂದು ಇನ್ನೊಂದು ಪಕ್ಕದ ಮೇಲಿನ ಹಿಂಜಿನ ಬೋಲ್ಟ್ ಬಿಚ್ಚಿ, ಬೀಗದ ಸಮೇತ ಬಾಗಿಲನ್ನೇ ಎತ್ತಿ ಗೋಡೆಗೆ ಒರಗಿಸಿದ. ಅಷ್ಟು ವರ್ಷ ಕಾಪಾಡಿದ ಬೀಗದ ಬೆಲೆ ಎರಡು ಬೋಲ್ಟು.

ಪಹಣಿ ಹಪ್ಪಳದಷ್ಟೇ ಗರಿಗರಿಯಾಗಿತ್ತು. ಹಪ್ಪಳವೂ ಕರಿದು ಬಂತು, ಕಾಫಿಯೂ ಬಂತು. ಸರ್ವೆಯವರು ಬಲ್ಬಿನ ಎದುರು ಕೈ ಕಾಸಿಕೊಂಡು, “ನಮ್ಮ ರೆಕಾರ್ಡ್ ರೂಮಿಗೂ ಇಂಥದ್ದೊಂದು ಬೇಕಿತ್ತು ಸಾರ್” ಎಂದರಂತೆ. ಮೊಟ್ಟೆಯ ಗುಳಿಗಳ ಕಡೆ ಕಣ್ಣು ಹೋದ ಮೇಲೆ ಮಾತು ಕಮ್ಮಿ ಮಾಡಿ ಬೇಗ ಅಳೆಯಲು ಹೊರಟರು. ಬೇಲಿಯ ತಕರಾರು ಇವತ್ತಿಗೂ ಮುಗಿದಿಲ್ಲ. ದೊಡ್ಡಮ್ಮ ಬಂದ ಮೇಲೆ ಇನ್ನೊಂದು ತಕರಾರು ಶುರುವಾಯಿತು. ತನ್ನ ಸೀರೆಗಳನ್ನು ಸರ್ವೆಯವರು ಯಾಕೆ ನೋಡಬೇಕಿತ್ತು ಎಂದು.

ಇರಲಿ. ನಾನು ಹೇಳುತ್ತಿದ್ದದ್ದು ನಮ್ಮ ಫ್ರಿಜ್ಜಿನ ವಿಷಯ.

ಮೆಕ್ಯಾನಿಕ್ ಬಂದ. ಬಾಗಿಲಿನ ಸಂದಿಯಲ್ಲಿ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆದ. ಸಲೀಸಾಗಿ ಬಂತು. ರಬ್ಬರ್ ಹೋಗಿದೆ, ಬಿಸಿಗಾಳಿ ಒಳಗೆ ಬರುತ್ತಿದೆ, ಅದಕ್ಕೇ ಇಷ್ಟು ಮಂಜು ಎಂದ. ನೀರು ಹೋಗುವ ತೂತು ಕಟ್ಟಿದೆ ಎಂದ. ಹಿಂದೆ ಕೈ ಹಾಕಿ ಕಂಪ್ರೆಸರಿನ ಮೇಲಿಂದ ಒಂದು ಪ್ಲಾಸ್ಟಿಕ್ ತಟ್ಟೆ ಎಳೆದ. ಮಂಜು ಕರಗಿದ ನೀರು ಬಂದು ಅಲ್ಲಿ ಬೀಳಬೇಕಂತೆ, ಕಂಪ್ರೆಸರಿನ ಕಾವಿಗೆ ಆರಬೇಕಂತೆ. ಜಾಣ ಏರ್ಪಾಡು. ಇಂಥದ್ದೊಂದು ತಟ್ಟೆ ಇದೆ ಎಂದು ಮಾರಿದವನು ಬಾಯಿ ಬಿಟ್ಟಿರಲಿಲ್ಲ. ಅದರಲ್ಲಿ ಏನಿತ್ತು ಎಂದು ಊಟದ ಹೊತ್ತಿಗೆ ಓದುವವರಿಗೋಸ್ಕರ ಬರೆಯುವುದಿಲ್ಲ. “ಮೆಷಿನ್ ಚೆನ್ನಾಗಿದೆ ಮೇಡಂ. ಇದು ರಿಪೇರಿ ಅಲ್ಲ, ಕ್ಲೀನಿಂಗು” ಎಂದು ಹೇಳಿ ಇನ್ನೂರು ರೂಪಾಯಿ ತೆಗೆದುಕೊಂಡು ಹೋದ. ಹೇಳುವಾಗ ಅವನೂ ನನ್ನ ಮುಖವನ್ನೇ ನೋಡಿದ.

ಆ ಸಿಟ್ಟಿಗೇ ಬಿ.ಎಂ. ರಸ್ತೆಯ ಅಂಗಡಿಗೆ ಹೋದೆವು. ದೀಪಾವಳಿ ಆಫರ್. ನಮ್ಮದರ ಮೇಲೆ ಐದು ಸ್ಟಾರ್ ಇದೆಯಲ್ಲ ಎಂದೆ. ಹುಡುಗ ನಕ್ಕ. ಕರೆಂಟ್ ಎಷ್ಟು ಉಳಿಸುತ್ತದೆ ಎಂದು ಹೇಳುವ ಈ ಸ್ಟಾರ್ ಚೀಟಿ ಶುರುವಾದದ್ದು 2006ರಲ್ಲಿ. ಆಮೇಲೆ ಆಗಾಗ ಲೆಕ್ಕ ಬಿಗಿ ಮಾಡುತ್ತಾ ಬಂದಿದ್ದಾರೆ, ಆವತ್ತಿನ ಐದು ಈವತ್ತಿಗೆ ಐದಲ್ಲ. ಅದು ನಿಜ, ಒಪ್ಪುತ್ತೇನೆ. ಆದರೆ ಫ್ರಿಜ್ಜಿಗೆ ವೈಫೈ ಯಾಕೆ ಎಂದರೆ ಅವನಲ್ಲಿ ಉತ್ತರವಿರಲಿಲ್ಲ. ಆಫೀಸಿನಲ್ಲಿ ಕೂತು ಫೋನಿನಲ್ಲೇ ಫ್ರಿಜ್ಜಿನ ತಂಪು ಹೆಚ್ಚು ಕಡಿಮೆ ಮಾಡಬಹುದು ಮೇಡಂ ಎಂದ. ಆಫೀಸಿನಿಂದ ಅನ್ನದ ಪಾತ್ರೆ ಹೊರಗೆ ತೆಗೆದಿಡಲು ಆಗುತ್ತದಾ ಎಂದು ಕೇಳಿದೆ. ನಮ್ಮೆಜಮಾನರು ಬೇರೆ ಕಡೆ ನೋಡುತ್ತಾ ನಿಂತರು.

“ಹಳೇದು ಹೇಗಿದ್ರೂ ತಗೋತೀವಿ. ಒಂದೂವರೆ ಸಾವಿರ ಕಳೀತೀವಿ. ಒಂದು ಫೋಟೋ ಕಳಿಸಿ ಸಾಕು” ಎಂದ ಹುಡುಗ.

“ಹೊರಗಿನ ಫೋಟೋನಾ?”

“ಬಾಗಿಲು ತೆಗೆದು ಮೇಡಂ. ಒಳಗಿಂದು.”

ಅಲ್ಲಿಗೆ ಎಲ್ಲ ಲೆಕ್ಕವೂ ತಲೆಕೆಳಗಾಯಿತು. ತೊಳೆಯುವುದು ತಪ್ಪಲಿ ಎಂದು ತಾನೇ ಮಾರಲು ಹೊರಟದ್ದು? ಮಾರಬೇಕಾದರೂ ತೊಳೆಯಬೇಕು. ತೊಳೆದ ಮೇಲೆ ಚೆನ್ನಾಗಿರುವ ಫ್ರಿಜ್ಜನ್ನು ಒಂದೂವರೆ ಸಾವಿರಕ್ಕೆ ಕೊಡಲು ನನಗೇನು ಹುಚ್ಚೇ?

ತೊಳೆಯದೆ ಕೊಡಬಹುದಾದವರು ಲೋಕದಲ್ಲಿ ಒಬ್ಬರೇ. ಸಂಜೆ ಫೋನ್ ಮಾಡಿದೆ.

“ಕೊಡು ಕೊಡು, ಒಂದು ಸಾಲ್ತಾ ಇಲ್ಲ” ಎಂದರು ದೊಡ್ಡಪ್ಪ.

“ತೊಳೆದು ಕಳಿಸಲಾ?”

“ತೊಳೀಬೇಡ, ಒದ್ದೆ ಆಗುತ್ತೆ. ಕೀಲಿ ಇದ್ಯಾ?”

ನಮ್ಮದಕ್ಕೂ ಕೀಲಿ ಇತ್ತು ಎಂಬುದೇ ಆಗ ನೆನಪಾದದ್ದು. ಫ್ರಿಜ್ಜಿನ ಮೇಲೆ ಹಾಸಿದ ಜೇಬಿನ ಕವರ್ ಇದೆಯಲ್ಲ, ಅದಕ್ಕೆ ಕೈ ಹಾಕಿದೆ. ಕರೆಂಟ್ ಬಿಲ್ಲುಗಳು ಬಂದವು. ಯಾರದೋ ಲಗ್ನಪತ್ರಿಕೆ, ಅವರಿಗೀಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಸತ್ತ ರಿಮೋಟು, ಸೂಜಿ, ಮಾತ್ರೆಯ ಶೀಟು. ಕೀಲಿಗಳೂ ಒಂದು ಹಿಡಿ ಸಿಕ್ಕವು. ಒಂದೊಂದಾಗಿ ಹಾಕಿ ನೋಡಿದೆವು. ಯಾವುದೂ ಹೊಂದಲಿಲ್ಲ.