ಸತ್ಯಾಂಶ: ವೆನೆಜುವೆಲಾದ ಜನ ಬಿಟ್‌ಕಾಯಿನ್‌ನಲ್ಲೇ ಬದುಕುತ್ತಿದ್ದಾರಾ?

ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ವೆನೆಜುವೆಲಾದಲ್ಲಿ ನೋಟು ಕಸವಾಯಿತು, ಜನ ಬಿಟ್‌ಕಾಯಿನ್‌ನಲ್ಲೇ ಬದುಕುತ್ತಿದ್ದಾರೆ. ನಾಳೆ ರೂಪಾಯಿಗೂ ಇದೇ ಗತಿ, ಇವತ್ತೇ ಬದಲಾಯಿಸಿಕೊಳ್ಳಿ." ಇದರಲ್ಲಿ ನೋಟಿನ ಮಾತು ಮಾತ್ರ ನಿಜ.

2018ರಲ್ಲಿ ಅಲ್ಲಿನ ಹಣದುಬ್ಬರ ಶೇ 1 ಲಕ್ಷ ದಾಟಿತ್ತು. ಅಲ್ಲಿನ ಹಣ ಬೊಲಿವಾರ್ ನೆಲ ಕಚ್ಚಿತ್ತು. ಆದರೆ ಅಂಗಡಿಗಳಲ್ಲಿ ಅದರ ಜಾಗಕ್ಕೆ ಬಂದದ್ದು ಹೆಚ್ಚಾಗಿ ಅಮೆರಿಕದ ಡಾಲರ್. ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ, ಬಳಸುವವರೂ ಇದ್ದಾರೆ, ಸುಳ್ಳಲ್ಲ. ಅವರಲ್ಲೂ ಅನೇಕರು ನೆಚ್ಚಿಕೊಂಡದ್ದು ಡಾಲರ್ ಬೆಲೆಗೇ ಕಟ್ಟಿಹಾಕಿದ ಟೆದರ್ ಎಂಬ ಕ್ರಿಪ್ಟೊವನ್ನು. ಅಲ್ಲಿನ ಸರ್ಕಾರವೇ 2018ರಲ್ಲಿ ತಂದ 'ಪೆಟ್ರೊ' ಎಂಬ ಕ್ರಿಪ್ಟೊ 2024ರಲ್ಲಿ ಮುಚ್ಚಿಹೋಯಿತು.

ಜನ ಬಿಟ್‌ಕಾಯಿನ್ ಬಿಟ್ಟು ಡಾಲರ್ ಹಿಡಿದದ್ದು ಯಾಕೆ? ನಮ್ಮ ಟೊಮೆಟೊ ಮಂಡಿಯನ್ನೇ ನೋಡಿ. ಹರಾಜಾದ 15 ಕೆಜಿ ಬಾಕ್ಸ್‌ಗಳ ದುಡ್ಡಲ್ಲೇ ಗಾಡಿ ಬಾಡಿಗೆ, ಕೂಲಿ, ಗೊಬ್ಬರದ ಅಂಗಡಿ ಬಾಕಿ ಎಲ್ಲ ತೀರಬೇಕು. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಇಳಿಯಿತು. ಟೊಮೆಟೊ ರೇಟಿನ ಏರಿಳಿತದಲ್ಲೇ ಬೆಂದ ರೈತರಿಗೆ ಕೈಗೆ ಬಂದ ದುಡ್ಡೂ ಹಾಗೇ ಕುಣಿದರೆ ಸಂಸಾರ ನಡೆಯುತ್ತಾ?

ರೂಪಾಯಿ ಬೆಲೆಯೂ ವರ್ಷ ವರ್ಷ ಕರಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ 4. ಅದನ್ನು ಲಕ್ಷದ ಜೊತೆ ಹೋಲಿಸಿ ಜನರನ್ನು ಸುಮ್ನೆ ಹೆದರಿಸುವುದು ತಪ್ಪು.

ಭಾರತದಲ್ಲಿ ಕ್ರಿಪ್ಟೊ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಅದು ಕಾನೂನುಬದ್ಧ ಹಣವಲ್ಲ, ಅಂಗಡಿಯವರು ತೆಗೆದುಕೊಳ್ಳಲೇಬೇಕೆಂದಿಲ್ಲ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ 30 ತೆರಿಗೆಯೂ ಇದೆ. ಇಂಥ ಮೆಸೇಜಿನ ಲಿಂಕ್ ನಂಬಿ ಈಗಾಗಲೇ ದುಡ್ಡು ಹಾಕಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.