ಕಸದ ಡಬ್ಬಿ ಎಲೆಕ್ಷನ್ ಅಂತೆ!

ನಿನ್ನೆ ರಾತ್ರಿ ಸ್ನೇಹಿತರ ಮನೆಯಲ್ಲಿ ಊಟ. ಬಿಸಿಬೇಳೆ ಬಾತ್ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಕೈ ತೊಳೆದ ಮೇಲೆ. ಚನ್ನಪಟ್ಟಣದಲ್ಲಿ ಯಾವ ಹೋಬಳಿಯವರು ಯಾರಿಗೆ ಹಾಕಿದರು, ಯಾಕೆ ಹಾಕಿದರು ಅಂತ ಮುಕ್ಕಾಲು ಗಂಟೆ ವಿವರಿಸಿದ ಮಹಾನುಭಾವರೊಬ್ಬರನ್ನು ಕೇಳಿದೆ: "ಸರ್, ಇಲ್ಲಿ ನಮ್ಮ ವಾರ್ಡಿನ ಕೌನ್ಸಿಲರ್ ಯಾರು?"

"ಅಯ್ಯೋ ಬಿಡಿ ಮೇಡಂ, ಅದು ಕಸದ ಡಬ್ಬಿ ಎಲೆಕ್ಷನ್."

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

ನಾನು ಇಂಗ್ಲೆಂಡಿನ ಕ್ಯಾಂಬೋರ್ನಿಗೆ ಬಂದ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಕೊರೆಯುವುದಿಲ್ಲ. ನಮ್ಮದು ಸೌತ್ ಕೇಂಬ್ರಿಡ್ಜ್‌ಶೈರ್ ಡಿಸ್ಟ್ರಿಕ್ಟ್. ಕೇಂಬ್ರಿಡ್ಜ್ ನಗರ ಉದ್ದಿನವಡೆಯ ತೂತು ಅಂದುಕೊಳ್ಳಿ, ಸುತ್ತಲಿನ ವಡೆ ನಾವು. ಹಳ್ಳಿಗಳು, ಗೋಧಿ ಹೊಲ, ನಡುನಡುವೆ ನಮ್ಮಂಥವರು ತುಂಬಿರುವ ಹೊಸ ಬಡಾವಣೆಗಳು. 2021ರ ಜನಗಣತಿ ಪ್ರಕಾರ ಸುಮಾರು 1 ಲಕ್ಷ 62 ಸಾವಿರ ಜನ, 45 ಕೌನ್ಸಿಲರ್‌ಗಳು.

ಕಸ ಎತ್ತುವುದು ಈ ಡಿಸ್ಟ್ರಿಕ್ಟ್ ಕೌನ್ಸಿಲ್ಲೇ, ಒಪ್ಪಿದೆ. ಆದರೆ ಮನೆ ಕಟ್ಟಲು ಅನುಮತಿ ಕೊಡುವುದೂ ಇದೇ. ಓಕಿಂಗ್ಟನ್‌ನ ಹಳೇ ವಾಯುಪಡೆ ನೆಲೆಯಲ್ಲಿ 10,000 ಮನೆಗಳ ಲೆಕ್ಕದಲ್ಲಿ ನಾರ್ತ್‌ಸ್ಟೋ ಅನ್ನುವ ಊರೇ ಏಳುತ್ತಿದೆಯಲ್ಲ, ನಿನ್ನೆ ನಕ್ಕವರಲ್ಲಿ ಇಬ್ಬರು ಅಲ್ಲೇ ಮನೆ ನೋಡುತ್ತಿದ್ದಾರೆ, ಡಾಕ್ಟರ್ ಇಲ್ಲ, ಅಂಗಡಿ ಇಲ್ಲ ಅಂತ ಗೊಣಗುತ್ತಲೂ ಇದ್ದಾರೆ. ಗೊಣಗುವುದಕ್ಕೆ ಪುರುಸೊತ್ತಿದೆ, ವೋಟಿಗೆ ಇಲ್ಲ.

ಈ ಕೌನ್ಸಿಲಿನ ಚುನಾವಣಾ ಚರಿತ್ರೆ ಎಷ್ಟು ಮಜವಾಗಿದೆ ಗೊತ್ತಾ? ಮೊದಲ ಚುನಾವಣೆ 1973ರಲ್ಲಿ, ಅಧಿಕಾರ ವಹಿಸಿಕೊಂಡಿದ್ದು 1974ರಲ್ಲಿ. ಶುರುವಿನಲ್ಲಿ ಪಕ್ಷೇತರರದ್ದೇ ದರ್ಬಾರು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರಬಾರದು ಅಂತ ಕಾನೂನೇ ಇದೆ, ಆದರೂ ಯಾರು ಯಾವ ಪಾರ್ಟಿ ಅಂತ ಊರ ನಾಯಿಗೂ ಗೊತ್ತು. ಇಲ್ಲಿ ಪಾರ್ಟಿ ಹೆಸರಲ್ಲಿ ನಿಲ್ಲಬೇಡಿ ಅಂತ ಯಾರೂ ಹೇಳಿರಲಿಲ್ಲ, ಜನ ಅವರಾಗಿಯೇ ಪಾರ್ಟಿ ಇಲ್ಲದವರನ್ನು ಆರಿಸುತ್ತಿದ್ದರು! ಆಮೇಲೆ ಬಹಳ ವರ್ಷ ಯಾರಿಗೂ ಬಹುಮತವಿಲ್ಲ. 2007ರಲ್ಲಿ ಕನ್ಸರ್ವೇಟಿವ್ ಪಕ್ಷದ ಕೈಗೆ ಬಂತು, ಹನ್ನೊಂದು ವರ್ಷ ಅಲ್ಲೇ ಇತ್ತು.

ಆಗೆಲ್ಲ ಒಂದೊಂದು ಸಲಕ್ಕೆ ಮೂರನೇ ಒಂದು ಭಾಗ ಸೀಟುಗಳಿಗೆ ಮಾತ್ರ ಚುನಾವಣೆ. ಮೂರು ವರ್ಷ ಇದು, ನಾಲ್ಕನೇ ವರ್ಷ ಇದಕ್ಕಿಂತ ದೊಡ್ಡದಾದ, ಇಡೀ ಕೇಂಬ್ರಿಡ್ಜ್‌ಶೈರಿನ ಕೌಂಟಿ ಕೌನ್ಸಿಲ್‌ನದು. ಅಂದರೆ ಪ್ರತಿ ಮೇ ತಿಂಗಳೂ ಜಾತ್ರೆ. 2018ರಲ್ಲಿ ಗಡಿಗಳನ್ನು ಹೊಸದಾಗಿ ಎಳೆದು, 57 ಸೀಟು 45ಕ್ಕೆ ಇಳಿಸಿ, ಎಲ್ಲಾ ಸೀಟಿಗೂ ಒಟ್ಟಿಗೇ ಚುನಾವಣೆ ಮಾಡಿದರು. ಆಯ್ತಲ್ಲ, ಇಡೀ ಬಂಡಿ ಮಗುಚಿತು. ಲಿಬರಲ್ ಡೆಮಾಕ್ರಾಟ್ 30, ಕನ್ಸರ್ವೇಟಿವ್ 11. ಎರಡು ವರ್ಷ ಮುಂಚೆ ಬ್ರೆಕ್ಸಿಟ್ ಮತದಾನದಲ್ಲಿ ಇಲ್ಲಿನ ನೂರಕ್ಕೆ 60 ಜನ ಯುರೋಪಿನ ಜೊತೆಗೇ ಇರೋಣ ಅಂದಿದ್ದರು, ಆ ಸಿಟ್ಟೂ ಸೇರಿತ್ತು ಅನ್ನುವುದು ನನ್ನ ಅಂದಾಜು. 2022ರಲ್ಲಿ ಲಿಬರಲ್ ಡೆಮಾಕ್ರಾಟ್ 37, ಕನ್ಸರ್ವೇಟಿವ್ 8. ಕೂಡಿಸಿ ನೋಡಿ, 45. ಪಕ್ಷೇತರರದ್ದೇ ದರ್ಬಾರು ಇದ್ದ ಕಡೆ ಒಬ್ಬ ಪಕ್ಷೇತರನೂ ಉಳಿಯಲಿಲ್ಲ. ಇದಕ್ಕೆ ನನಗೆ ಬೇಜಾರಿದೆ, ಅದು ಬೇರೆ ವಿಷಯ.

ಮರುವರ್ಷ ಇದೇ ಕೌನ್ಸಿಲ್ ಸಿಬ್ಬಂದಿಗೆ ವಾರಕ್ಕೆ ನಾಲ್ಕೇ ದಿನ ಕೆಲಸ ಅಂತ ಪ್ರಯೋಗ ಶುರು ಮಾಡಿತು. ನಿಲ್ಲಿಸಿ ಅಂತ ಲಂಡನ್ನಿನಿಂದ ಮಂತ್ರಿಯೇ ಪತ್ರ ಬರೆದರು. ಇವರು ನಿಲ್ಲಿಸಲಿಲ್ಲ. 2024ರಲ್ಲಿ ಇಲ್ಲಿನ ಕೌನ್ಸಿಲರ್ ಆಗಿದ್ದ ಪಿಪ್ಪಾ ಹೇಲಿಂಗ್ಸ್ ಪಾರ್ಲಿಮೆಂಟಿಗೇ ಹೋದರು. ಕಸದ ಡಬ್ಬಿ ಎಲೆಕ್ಷನ್ ಗೆದ್ದವರು, ಸ್ವಾಮಿ!

"ನಾವು ವೀಸಾದವರು, ನಾಳೆ ಹೋಗುವವರು, ನಮಗ್ಯಾಕೆ?" ಅಂತ ಇನ್ನೊಬ್ಬರು. ಆಯ್ತು ಅನ್ನಿ. ನಾಳೆ ಹೋಗುವವರು ಕೌನ್ಸಿಲ್ ಟ್ಯಾಕ್ಸ್ ತಿಂಗಳು ತಿಂಗಳು ಕಟ್ಟುತ್ತೀರಲ್ಲ, ಅದು ಯಾವ ವೀಸಾದ್ದು? ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು, ಇಲ್ಲಿ ವಾಸ ಇದ್ದರೆ ವೋಟಿದೆ. ಗುರುತಿಗೆ ನಮ್ಮ ಪಾಸ್‌ಪೋರ್ಟೇ ಸಾಕು. ನಮ್ಮ ಜೊತೆ ಕೆಲಸ ಮಾಡುವ ಅಮೆರಿಕದವನಿಗೆ ಈ ಭಾಗ್ಯ ಇಲ್ಲ, ಅವನು ಹೊಟ್ಟೆ ಉರಿದುಕೊಳ್ಳುತ್ತಾನೆ.

ಈಗ ಒಂದು ತಪ್ಪೊಪ್ಪಿಗೆ. 2018ರಲ್ಲಿ ನನ್ನ ಹೆಸರಿಗೂ ಪೋಲಿಂಗ್ ಕಾರ್ಡ್ ಬಂದಿತ್ತು. ಯಾರೋ ತಪ್ಪಾಗಿ ಕಳಿಸಿದ್ದಾರೆ ಅಂದುಕೊಂಡು ಅಡುಗೆಮನೆ ಡ್ರಾಯರಿನಲ್ಲಿ ಪಿಜ್ಜಾ ಚೀಟಿಗಳ ಕೆಳಗೆ ತುರುಕಿದೆ. ಊರಿಗೆ ಊರೇ ತಿರುಗಿಬಿದ್ದ ದಿನ ನಾನು ಮನೆಯಲ್ಲಿ ಕೂತು ಕರ್ನಾಟಕದ ಸಮೀಕ್ಷೆ ನೋಡುತ್ತಿದ್ದೆ. ಹಾಗಾಗಿ ನಿನ್ನೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ಅರ್ಧ ಮಾತ್ರ. ಉಳಿದರ್ಧ ಆ ಮಹಾನುಭಾವರ ಮೇಲೆಯೇ.

ಇನ್ನೊಂದು ತಮಾಷೆ ಅಂದರೆ, ಡಿಸ್ಟ್ರಿಕ್ಟ್, ಕೌಂಟಿ ಅಂತ ಎರಡೆರಡು ಬೇಡ, ಒಂದೇ ಕೌನ್ಸಿಲ್ ಸಾಕು ಅಂತ ಸರ್ಕಾರ ಹೊರಟಿದೆ. ನಾನು ಈಗಷ್ಟೇ ವಾರ್ಡಿನ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆ.

ಇರಲಿ. ನಾಳೆ ನೀಲಿ ಡಬ್ಬಿಯ ಸರದಿ, ಹೊರಗಿಟ್ಟು ಬರುತ್ತೇನೆ.